ಮಧ್ಯಂತರದಲ್ಲಿ ನಾನು ಗೂಢಚಾರನನ್ನು ಕೊಂದದ್ದು

ನಾನು ನಿಂತದ್ದು ಅಥಣಿಯ ಒಂದು ಚಿತ್ರಮಂದಿರದ ಪಕ್ಕದ ಅಂಗಳದಲ್ಲಿ. ನನ್ನ ಎಡಕ್ಕೆ ಭಡಂಗದ, ಅಂದರೆ ಖಾರದ ಚುರುಮುರಿಯ ಗಾಡಿ, ಬಲಕ್ಕೆ ನೀರು ತುಂಬಿಸಲೆಂದು ತಂದಿಟ್ಟು ತುಂಬಿಸದೆ ಬಿಟ್ಟ ಒಂದು ನೀಲಿ ಬ್ಯಾರಲ್, ಎದುರಿಗೆ ಒಳಗೆ ಹೋಗುವ ಬಾಗಿಲು. ಕಾಲ, ಕಳೆದ ಚಳಿಗಾಲದ ಒಂದು ಶುಕ್ರವಾರ, ಮಧ್ಯಾಹ್ನದ ಆಟದ ಮಧ್ಯಂತರ. ಚೊಕ್ಕ ಬಿಸಿಲಿತ್ತು. ನೋಟಕ್ಕೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರಾಯಬಾಗದಲ್ಲಿ ಮನೆ ಮಾಡಿಕೊಂಡು, ಸರ್ವೇ ಇಲಾಖೆಯಲ್ಲಿ ಹೊಲ ಅಳೆಯುತ್ತ ಕೂದಲು ಬೆಳ್ಳಗಾದ ಮನುಷ್ಯ ನಾನು. ಸುಳ್ಳು ಹೇಳುವವನು ಎಲ್ಲಿ ನಿಂತರೂ ನಡೆಯುತ್ತದೆ. ಕಂಡದ್ದನ್ನು ಹೇಳುವವನಿಗೆ ಕಾಲೂರಲು ಒಂದು ಖಚಿತವಾದ ಜಾಗ ಬೇಕು. ಜಾಗ ಖಚಿತವಾಗಿದೆ.

ಒಳಗೆ ನಡೆಯುತ್ತಿದ್ದುದು ಒಬ್ಬ ವಿದೇಶೀ ಗೂಢಚಾರನ ಸಿನಿಮಾ. ಅದೊಂದು ಸರಣಿ, ಇದು ಅದರ ಹೊಸ ಭಾಗ, ಹಿಂದಿಯಲ್ಲಿ ಮಾತು ಕೂಡಿಸಿದ್ದು. ನಾನು ಕಾಲೇಜಿಗೆ ಹೋಗುವಾಗಲೇ ಈ ಸರಣಿ ಹಳೆಯದಾಗಿತ್ತು. ಆಮೇಲೆ ನಟರು ಬದಲಾದರು, ಕಾರುಗಳು ಬದಲಾದವು, ವೈರಿಗಳ ದೇಶ ಬದಲಾಯಿತು. ಗೂಢಚಾರ ಮಾತ್ರ ಎತ್ತರದಿಂದ ಜಿಗಿಯುವುದನ್ನು ಬಿಟ್ಟಿಲ್ಲ. ನನ್ನ ಮೊಣಕಾಲು ನೋಯಲು ಶುರುವಾದ ಮೇಲೆ ಅವನು ಇನ್ನೂ ಎತ್ತರದಿಂದ ಜಿಗಿಯತೊಡಗಿದ. ನನಗೆ ಈ ಮನುಷ್ಯನ ಬಗ್ಗೆ ಮೊದಲಿನಿಂದಲೂ ಒಂದು ತಕರಾರಿದೆ. ಇಷ್ಟು ಭಾಗ ಬಂದರೂ ಅವನಿಗೆ ಒಬ್ಬ ಸೋದರಮಾವ ಕಾಣಿಸಿಲ್ಲ. ಕಾಕಾ ಇಲ್ಲ, ಅತ್ತೆ ಇಲ್ಲ, ಬೀಗರಿಲ್ಲ. ಹೊಸ ಊರಿಗೆ ಹೋಗಿ ಯಾವುದೋ ಒಂದು ಸುಳ್ಳು ಹೆಸರು ಹೇಳುತ್ತಾನೆ, ಅಲ್ಲಿಯವರು ನಂಬಿ ಕುರ್ಚಿ ಕೊಡುತ್ತಾರೆ. ನಮ್ಮ ಕಡೆ ಇದು ನಡೆಯುವ ಮಾತೇ? ಬಸ್ಸಿಳಿದು ಹೆಸರು ಹೇಳಿದರೆ, "ಯಾವ ಓಣಿರಿ? ನಿಮ್ಮ ತಂದಿ ಹೆಸರೇನ್ರಿ? ಕಬ್ಬ ಯಾವ ಫ್ಯಾಕ್ಟರಿಗೆ ಹಾಕ್ತೀರಿ?" ಎಂದು ಕೇಳಿ, ಚಹ ಕುದಿಯುವುದರೊಳಗೆ ಅವನ ಅತ್ತೆಯ ನಾದಿನಿಯನ್ನು ಹುಡುಕಿ ತೆಗೆಯುತ್ತಾರೆ. ಕಬ್ಬಿನ ಪ್ರಶ್ನೆ ಬಂದ ಕೂಡಲೇ ಆ ಗೂಢಚಾರ ಪಿಸ್ತೂಲು ಕಟ್ಟೆಯ ಮೇಲೆಯೇ ಬಿಟ್ಟು ಬಸ್ಸಿನ ಹಿಂದೆ ಓಡಬೇಕು.

ಹಾಗೆಂದು ನಮ್ಮಲ್ಲಿ ಗೂಢಚರ್ಯೆ ಇಲ್ಲವೆಂದಲ್ಲ. ಇದೆ, ಅದಕ್ಕೆ ಚೌಕಶಿ ಎನ್ನುತ್ತೇವೆ. ಹೆಣ್ಣು ಕೊಡುವ ಮೊದಲು ಗಂಡಿನ ಊರಿಗೆ ಸುಳಿವು ಕೊಡದೆ ಹೋಗಿ, ಹುಡುಗ ಎಂಥವನು, ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ ಎಂದು ಕೇಳಿಕೊಂಡು ಬರುವ ಕೆಲಸ. ರೂಢಿಯಂತೆ ಇದು ಹುಡುಗಿಯ ಸೋದರಮಾವನ ಪಾಲಿಗೆ ಬರುತ್ತದೆ. ಕಬ್ಬೂರಿನಲ್ಲಿರುವ ನನ್ನ ಅಕ್ಕನ ಮಗಳು ವೈಶಾಲಿಗೆ ಐಗಳಿಯ ದ್ರಾಕ್ಷಿ ತೋಟದವರ ಹುಡುಗ ಮಹೇಶನ ಮನೆಯಿಂದ ಮಾತು ಬಂದಿತ್ತು. ಎರಡೂ ಮನೆಯವರು ಒಬ್ಬರನ್ನೊಬ್ಬರು ನೋಡಿ ಮೆಚ್ಚಿದ್ದರು. ಬರುವ ರವಿವಾರ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದೊಂದು ಉಳಿದಿತ್ತು. ಅಷ್ಟರಲ್ಲಿ ವೈಶಾಲಿ ನನ್ನನ್ನು ಹಿತ್ತಲಿಗೆ ಕರೆದಳು. ಆಕೆ ಚಿಕ್ಕೋಡಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ಬಾಯಿಮಾತನ್ನು ನಂಬುವುದಿಲ್ಲ.

"ಮಾಮಾ, ಹೊಲಾ ಮನಿ ನೋಡಾಕ ಅಪ್ಪಾ ಅದಾನ. ನೀ ನನಗ ಒಂದ ನೋಡ್ಕೊಂಡ ಬಾ. ಸಿಟ್ಟ ಬಂದಾಗ ಆ ಮನಷ್ಯಾ ಏನ ಮಾಡ್ತಾನ?"

"ಅಂವಗ ಸಿಟ್ಟ ಬರೂದಿಲ್ಲಂತ ನಿಮ್ಮಪ್ಪ ಹೇಳಾಕತ್ತಿದ್ದ."

"ಬರಸು. ನಮ್ಮಪ್ಪನ ಚೌಕಶಿ ಮಾಡಿದಾಗೂ ಊರ ಮಂದಿ ಆಕಳಂಥಾ ಮನಷ್ಯಾ ಅಂದಿದ್ರಂತ. ನೀ ನಿನ್ನ ಕಣ್ಣಿಲೆ ನೋಡಿ ಬಂದ ಹೌದಂದ್ರ ನಾ ಹೌದು ಅಂತೀನಿ. ಇಲ್ಲಂದ್ರ ರವಿವಾರ ಯಾರೂ ಬರೂದ ಬ್ಯಾಡ."

ಆಕೆಯ ತಂದೆ, ಅಂದರೆ ನನ್ನ ಅಕ್ಕನ ಗಂಡ, ನಾನು ದಾಜಿ ಎಂದು ಕರೆಯುವವರು, ಕೆಟ್ಟವರಲ್ಲ. ಆದರೆ ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಅವರ ಕೈಯಲ್ಲಿದ್ದ ತಾಟು ಗೋಡೆಗೆ ಹೋಗುತ್ತದೆ. ಆ ಮನೆಯ ಒಂದು ತಾಟೂ ನೆಲದ ಮೇಲೆ ಸಪಾಟಾಗಿ ಕೂರುವುದಿಲ್ಲ. ಬಡಿಸಿದ ಸಾರು ತಾನಾಗಿಯೇ ಒಂದು ಕಡೆಗೆ ಹರಿದು ನಿಲ್ಲುತ್ತದೆ. ಅಳತೆಯಲ್ಲೇ ಬದುಕಿದ ನನಗೆ ಅಲ್ಲಿ ಊಟಕ್ಕೆ ಕುಳಿತರೆ ಮೊದಲು ಇಳಿಜಾರು ಕಾಣುತ್ತದೆ, ಆಮೇಲೆ ಅನ್ನ. ಅಕ್ಕ ಮಾತ್ರ ಅವನ್ನೇ ತಿಕ್ಕಿ, ತೊಳೆದು, ಇಷ್ಟು ವರ್ಷ ಅವುಗಳಲ್ಲೇ ಬಡಿಸುತ್ತ ಬಂದಿದ್ದಾಳೆ. ವೈಶಾಲಿ ಕೇಳಿದ್ದು ಏಕೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಐಗಳಿಗೆ ಹೋದೆ. ಈ ಕೆಲಸಕ್ಕೆ ನನ್ನಂಥ ಅಯೋಗ್ಯ ಇನ್ನೊಬ್ಬನಿಲ್ಲ ಎಂಬುದು ಬಸ್ಸಿಳಿದಾಗಲೇ ಗೊತ್ತಾಯಿತು. ಈ ಭಾಗದ ಹಳ್ಳಿಗಳಲ್ಲಿ ನನ್ನ ಮುಖ ಗೊತ್ತಿಲ್ಲದ ರೈತನಿಲ್ಲ. ಒಂದೋ ಅವನ ಹೊಲದ ಗಡಿಯನ್ನು ನಾನು ಒಳಗೆ ಸರಿಸಿದ್ದೇನೆ, ಇಲ್ಲವೇ ಪಕ್ಕದವನ ಗಡಿಯನ್ನು ಸರಿಸಿಲ್ಲ. ಎರಡೂ ಮರೆಯುವಂಥ ಉಪಕಾರಗಳಲ್ಲ. ಚಹದಂಗಡಿಯ ಕಟ್ಟೆಯ ಮೇಲೆ ಕುಳಿತೆನೋ ಇಲ್ಲವೋ, ಅಂಗಡಿಯ ಮುದುಕ ಕೇಳಿದ.

"ಯಾರ ಮನೀದ್ರಿ ಚೌಕಶಿ?"

"ಚೌಕಶಿ ಅಲ್ರಿ. ಹಿಂಗ ಹೊಂಟಿದ್ದೆ."

"ಹಿಂಗ ಹೊಂಟಾವ್ರು ಕಟ್ಟಿ ಮ್ಯಾಲ ಕುಂತ ಚಾ ಆರಸೂದಿಲ್ರಿ ಸಾಹೇಬ್ರ. ನಾಚಬ್ಯಾಡ್ರಿ. ಹೇಳ್ರಿ, ಯಾವ ಹುಡುಗ?"

ಹೇಳಿದೆ. ಮುದುಕ "ಬಂಗಾರ್ರಿ" ಎಂದ. ಪಕ್ಕದಲ್ಲಿ ಬೀಡಿ ಸೇದುತ್ತಿದ್ದವನು ಯಾರ ಮಾತು ಎಂದೂ ಕೇಳದೆ "ಬಂಗಾರ" ಎಂದ. ಸೈಕಲ್ ಮೇಲೆ ಹೋಗುತ್ತಿದ್ದವನೊಬ್ಬ ಇಳಿಯದೆಯೇ ತಲೆಯಾಡಿಸಿ ಹೋದ. ಊರಿನ ಎಲ್ಲ ಹುಡುಗರಿಗೂ ಕನ್ಯೆ ಸಿಗಬೇಕಲ್ಲ. ಚೌಕಶಿಗೆ ಬಂದವರಿಗೆ ಹೇಳಲು ಊರು ಒಂದೇ ಮಾತನ್ನು ಗೊತ್ತು ಮಾಡಿಕೊಂಡಿತ್ತು. ಸಿಟ್ಟಿನ ವಿಷಯ ಕೇಳಿದಾಗ ಮಾತ್ರ ಮುದುಕ ಚಹ ಸೋಸುವುದನ್ನು ನಿಲ್ಲಿಸಿದ.

"ಸಿಟ್ಟ ಬಂದದ್ದ ನಾ ಕಂಡಿಲ್ರಿ. ಒಂದ ಹುಚ್ಚ ಐತಿ ನೋಡ್ರಿ. ಆ ಜಿಗ್ಯೂ ಗೂಢಚಾರನ ಸಿನಿಮಾ. ಶುಕ್ರವಾರ ಅಥಣ್ಯಾಗ ಹೊಸಾದ ಬರ್ತೈತಿ. ಅಂವ ನೋಡೂಕಿಂತ ಮೊದಲ ಅದರ ಕತಿ ಯಾರರ ಹೇಳಿದ್ರ..."

"ಹೇಳಿದ್ರ?"

"ಗೊತ್ತಿಲ್ರಿ. ಹೇಳಾಂವ ಇನ್ನೂ ಹುಟ್ಟಿಲ್ಲ."

ಹುಟ್ಟಿದ್ದಾನೆ ಎಂದು ನಾನು ಬಸ್ಸಿನಲ್ಲಿ ಬರುತ್ತ ನಿಶ್ಚಯ ಮಾಡಿದೆ. ಮನೆಯಲ್ಲಿ ನನ್ನ ಹೆಂಡತಿ ಶೈಲಾ ಎಲ್ಲವನ್ನೂ ಕೇಳಿ, "ಕತಿ ಹೇಳಾಕ ಮೊದಲ ನಿಮಗ ಕತಿ ಗೊತ್ತಿರಬೇಕಲ್ರಿ?" ಎಂದಳು. ಮೊದಲ ದಿನ ಯಾರಿಗೂ ಕತೆ ಗೊತ್ತಿರುವುದಿಲ್ಲ, ಏನು ಹೇಳಿದರೂ ನಡೆಯುತ್ತದೆ ಎಂದೆ. ಆಕೆಗೆ ಇದು ಒಪ್ಪಿಗೆಯಾಗಿ, ಮಗನ ಕಪ್ಪು ಕನ್ನಡಕವನ್ನು ನನಗೆ ಹಾಕಿ, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿ, ದೂರ ನಿಂತು ನೋಡಿದಳು. "ಹೆಂಗ ಕಾಣ್ತೀನಿ?" ಎಂದು ಕೇಳಿದೆ. "ಕಣ್ಣ ಆಪರೇಶನ್ ಆದ ಸರ್ವೇ ಸಾಹೇಬ್ರ ಕಂಡಂಗ ಕಾಣ್ತೀರಿ" ಎಂದಳು.

ಚಿತ್ರಮಂದಿರದ ಕತ್ತಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿ ಹುಡುಕುವುದನ್ನು ಆ ಸರಣಿಯ ಯಾವ ಭಾಗದಲ್ಲೂ ತೋರಿಸಿಲ್ಲ. ತೋರಿಸಬೇಕಿತ್ತು. ನಾನು ಕೈಯಾಡಿಸಿ, ಖಾಲಿ ಎಂದು ಖಾತ್ರಿ ಮಾಡಿಕೊಂಡು ಕುಳಿತ ಮೇಲೆ ಕುರ್ಚಿ, "ಸಾವಕಾಶ ಕುಂದರ್ರಿ ಸಾಹೇಬ್ರ" ಎಂದಿತು. ಅದು ಸತ್ತಿಯ ಬಾಳು, ಕಬ್ಬಿನ ಟ್ರ್ಯಾಕ್ಟರ್ ಚಾಲಕ. ಅವನ ಅಣ್ಣನ ಹೊಲದ ಗಡಿಕಲ್ಲು ನೆಟ್ಟವನು ನಾನೇ. ಅವನು ತನ್ನ ತೊಡೆಯ ಮೇಲಿಂದ ನನ್ನನ್ನು ಎತ್ತಿ ಪಕ್ಕದ ಕುರ್ಚಿಯಲ್ಲಿಟ್ಟ. ತೆರೆಯ ಮೇಲೆ ಅದೇ ಹೊತ್ತಿಗೆ ಗೂಢಚಾರ ಒಂದು ಮೀಸೆ ಅಂಟಿಸಿಕೊಂಡು ವೈರಿಯ ಬಂಗಲೆಗೆ ನುಗ್ಗಿದ್ದ. ಹಿಂದಿನ ಭಾಗಗಳಲ್ಲೆಲ್ಲ ಅವನಿಂದ ಒದೆಸಿಕೊಂಡ ವೈರಿಗೆ ಅವನ ಗುರುತು ಹತ್ತಲಿಲ್ಲ. ನಮ್ಮ ಸಾಲಿನಲ್ಲಿ ಒಬ್ಬ ಟ್ರ್ಯಾಕ್ಟರ್ ಚಾಲಕ ನನ್ನನ್ನು ಕತ್ತಲಲ್ಲಿ, ಬರಿಯ ತೂಕದ ಮೇಲೆ ಗುರುತು ಹಿಡಿದಿದ್ದ.

ಮಹೇಶ ನನ್ನ ಮುಂದಿನ ಸಾಲಿನಲ್ಲಿದ್ದ. ಅಕ್ಕನ ಮನೆಯಲ್ಲಿ ಅವನ ಫೋಟೋ ನೋಡಿದ್ದೆ. ಕನ್ನಡಕ ತೆಗೆದು ನೋಡಿದೆ: ಬಾಯಿ ಸ್ವಲ್ಪ ತೆರೆದಿತ್ತು, ಎರಡೂ ಕೈ ಮೊಣಕಾಲ ಮೇಲೆ, ಗೂಢಚಾರ ಬಾಗಿದರೆ ತಾನೂ ಬಾಗುತ್ತಿದ್ದ. ಅಷ್ಟು ಸುಖವಾಗಿ ಕುಳಿತ ಮನುಷ್ಯನನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಅದನ್ನು ಕೆಡಿಸಲು ಬಂದವನು ನಾನು. ಎದ್ದು ಹೋಗಿಬಿಡೋಣವೆನಿಸಿತು. ಆದರೆ ವೈಶಾಲಿಗೆ ಏನೆಂದು ಹೇಳಲಿ? ಸಿನಿಮಾ ನೋಡುವಾಗ ಹುಡುಗ ಚೆನ್ನಾಗಿ ಬಾಗುತ್ತಾನೆ ಎಂದೇ?

ಮಧ್ಯಂತರವಾಯಿತು. ಮೊದಲು ಹೇಳಿದ ಜಾಗದಲ್ಲಿ ನಿಂತೆ. ಮಹೇಶ ಭಡಂಗದ ಗಾಡಿಯ ಹತ್ತಿರ ಬಂದ. ನಾನು ಫೋನನ್ನು ಕಿವಿಗೆ ಹಿಡಿದು, ಅಳತೆಯ ಹೊತ್ತಿನಲ್ಲಿ ಹೊಲದ ಆ ತುದಿಗೆ ಕೂಗುವ ಧ್ವನಿಯಲ್ಲಿ ಹೇಳಿದೆ: "ಹಾಂ, ಸಿನಿಮಾಕ್ಕ ಬಂದೀನ್ರಿ. ಕಡೀಕ ಗೂಢಚಾರ ಸಾಯ್ತಾನ್ರಿ! ಪೂರಾ ಸಾಯ್ತಾನ. ಇನ್ನ ಮುಂದಿನ ಭಾಗ ಇಲ್ಲ, ಇದ ಕಡೀದು!"

ಭಡಂಗ ಮಾರುವ ಬಂಡುವಿನ ಕೈ ಪುಟ್ಟಿಯಲ್ಲೇ ನಿಂತಿತು. ಮಹೇಶ ತಿರುಗಿ ನನ್ನನ್ನು ನೋಡಿ, ನೆಟ್ಟಗೆ ನನ್ನ ಕಡೆಗೇ ನಡೆದು ಬಂದ. ನಾನು ಮಫ್ಲರನ್ನು ಬಿಗಿ ಮಾಡಿಕೊಂಡೆ.

"ಮಾಮಾ, ಭಡಂಗ ತಗೋರಿ" ಎಂದು ಅವನು ಕಾಗದದ ಪೊಟ್ಟಣ ಚಾಚಿದ. "ಖಾರ ನಡೀತೈತಲ್ರಿ ನಿಮಗ?"

"ನೀ ನನ್ನ ಹೆಂಗ ಗುರ್ತ ಹಿಡದಿ?"

"ಐಗಳ್ಯಾಗ ನೀವು ಚಾ ಕುಡದ ಬಶಿ ತೊಳ್ಯೂಕಿಂತ ಮೊದಲ ನಮ್ಮ ಮನಿಗೆ ಸುದ್ದಿ ಬಂದಿತ್ರಿ. ಸಿಟ್ಟ ಬರಸಾಕ ಸಿನಿಮಾಕ್ಕ ಬರ್ತಾರ, ನಕ್ಕೋತ ಇರು ಅಂತ ನಮ್ಮಜ್ಜಾ ಹೇಳಿ ಕಳಿಸ್ಯಾನ."

ಹೀಗೆ ನನ್ನ ಪರೀಕ್ಷೆ ಅಲ್ಲಿಗೆ ರದ್ದಾಯಿತು. ಮುಂದೆ ಇರುವವನು ಸುಮ್ಮನಿದ್ದ ಮನುಷ್ಯನೋ, ಸುಮ್ಮನಿರಲು ಹೇಳಿಸಿಕೊಂಡು ಬಂದ ಮನುಷ್ಯನೋ ತಿಳಿಯುವ ದಾರಿ ಇರಲಿಲ್ಲ. ಅಷ್ಟರಲ್ಲಿ ಹಿಂದೆ ಗದ್ದಲ ಎದ್ದಿತು.

"ಸಾಯ್ತಾನಂತಲೇ!"

"ಯಾರಂದ್ರು?"

"ಸರ್ವೇ ಸಾಹೇಬ್ರ ಅಂದಾರ" ಎಂದ ಬಾಳು.

"ಹಂಗಾರ ಖರೇನ ಇರಬೇಕು ಬಿಡು."

ನನ್ನ ಇಡೀ ನೌಕರಿಯಲ್ಲಿ ನಾನು ಹೇಳಿದ ಗಡಿಯನ್ನು ಒಬ್ಬನೂ ಒಂದೇ ಸಲಕ್ಕೆ ಒಪ್ಪಿದ್ದಿಲ್ಲ. ಮತ್ತೆ ಅಳೆಯಿರಿ, ಸರಪಳಿ ಸಡಿಲಾಗಿದೆ, ಕಲ್ಲು ಹೊರಳಿದೆ, ಇದೇ ಮಾತು. ಜೀವನದಲ್ಲಿ ಒಮ್ಮೆ ಸುಳ್ಳು ಹೇಳಿದೆ, ಅಂಗಳವೇ ತಕರಾರಿಲ್ಲದೆ ಒಪ್ಪಿಕೊಂಡಿತು. ಕಾಗವಾಡದಿಂದ ಬಂದಿದ್ದ ಒಬ್ಬ ಹಿರಿಯರು ಟೊಪ್ಪಿಗೆ ತೆಗೆದು, ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಂತರು. "ಸಣ್ಣಾಂವ ಇದ್ದಾಗಿಂದ ನೋಡ್ಕೋತ ಬಂದಿದ್ದೆ" ಎಂದು ಯಾರಿಗೋ ಹೇಳಿದರು. ಇನ್ನೊಬ್ಬ, "ಸಾಯೂದ ಯಾಕ ನೋಡಬೇಕಲೇ, ನಡೀರಿ ಮನಿಗೆ" ಎಂದ. ಅದು ಹಲವರಿಗೆ ಸರಿ ಕಂಡಿತು. ಬೈಕುಗಳು ಶುರುವಾದವು.

ಆಗ ಚಿತ್ರಮಂದಿರದ ಮ್ಯಾನೇಜರರು ಮೈಕು ಹಿಡಿದುಕೊಂಡು ಬಾಗಿಲಿಗೆ ಬಂದರು. ಮೊದಲ ದಿನವೇ ಮಂದಿ ಅರ್ಧಕ್ಕೆ ಎದ್ದು ಹೋಗುವುದನ್ನು ಕಂಡು ಅವರ ಬುದ್ಧಿ ಕೆಲಸ ಮಾಡಲಿಲ್ಲ ಎಂದು ನಾನು ತಿಳಿದಿದ್ದೇನೆ.

"ಯಾರೂ ಹೋಗಬ್ಯಾಡ್ರಿ! ಗೂಢಚಾರ ಸಾಯೂದಿಲ್ರಿ! ನಾ ಪೂರಾ ನೋಡೀನಿ! ಆ ಗಡಿಯಾರ ರಿಪೇರಿ ಮುದುಕ ಅದಾನಲ್ರಿ, ಅಂವನ ಖರೇ ವೈರಿ! ಅಂವ ಇಂವನ್ನ ಸಮುದ್ರಕ್ಕ ನೂಕತಾನ. ಎಲ್ಲಾರೂ ಸತ್ತಾ ಸತ್ತಾ ಅಂತಾರ. ಕಡೀಕ ಮೀನದಾವ್ರ ಬಲ್ಯಾಗ ಸಿಕ್ಕ ಎದ್ದ ಬರ್ತಾನ್ರಿ, ನಗತಾನ! ಅಷ್ಟ! ಬರ್ರಿ ಒಳಗ!"

ಧ್ವನಿವರ್ಧಕ ಚಲೋ ಇತ್ತು. ಒಂದು ಅಕ್ಷರವೂ ಹಾಳಾಗಲಿಲ್ಲ.

ನಾನು ಮಹೇಶನ ಮುಖವನ್ನೇ ನೋಡುತ್ತಿದ್ದೆ. ಮೊದಲು ಕಿವಿ ಕೆಂಪಾದವು. ಆಮೇಲೆ ಕುತ್ತಿಗೆ. ಅಜ್ಜ ಹೇಳಿ ಕಳಿಸಿದ್ದ ನಗೆ ಸ್ವಲ್ಪ ಹೊತ್ತು ತುಟಿಯ ಮೇಲೆ ಒಬ್ಬಂಟಿಯಾಗಿ ನಿಂತಿತ್ತು, ಕಡೆಗೆ ಅದೂ ಹೋಯಿತು. ಮುಷ್ಟಿಯಲ್ಲಿ ಪೊಟ್ಟಣ ಒಡೆದು ಭಡಂಗ ನೆಲಕ್ಕೆ ಚೆಲ್ಲಿತು. ಅವನು ಆಚೆ ಈಚೆ ಏನನ್ನೋ ಹುಡುಕಿದ. ಒಗೆಯಲು ಏನಾದರೂ ಹುಡುಕುತ್ತಿದ್ದಾನೆ ಎಂದುಕೊಂಡೆ. ಅವನ ಕಣ್ಣು ನನ್ನ ಬಲಗಡೆ ನಿಂತಿತು. ಎರಡು ಹೆಜ್ಜೆಯಲ್ಲಿ ಬಂದು, ನೀಲಿ ಬ್ಯಾರಲ್‌ನ ಮುಚ್ಚಳ ತೆಗೆದು, ಎರಡೂ ಕೈಯಿಂದ ಅಂಚು ಹಿಡಿದು, ತಲೆಯನ್ನು ಭುಜದವರೆಗೆ ಒಳಗೆ ಇಳಿಸಿ ಗರ್ಜಿಸಿದ.

"ನಿನ್ನ ಪಡದಾ ಹೆಗ್ಗಣ ಕಡೀಲಿ! ನಿನ್ನ ಮನೀ ಟಿವ್ಯಾಗ ಹಗಲೂ ರಾತ್ರಿ ಬರೇ ಹವಾಮಾನ ಬರ್ಲಿ! ಗಡಿಯಾರದ ಮುದುಕಂತ! ಯಾವನಲೇ ಕೇಳಿದ್ದ ನಿನ್ನ!"

ಬ್ಯಾರಲ್‌ಗೆ ಧ್ವನಿಯನ್ನು ಹಿಡಿದಿಡುವ ಉದ್ದೇಶವಿರಲಿಲ್ಲ. ಬಾವಿಯೊಂದು ಎದ್ದು ನಿಂತು ಬೈದಂತೆ ಆಗುತ್ತಿತ್ತು. ರಸ್ತೆಯಲ್ಲಿ ಕಬ್ಬಿನ ಗಾಡಿ ಎಳೆಯುತ್ತಿದ್ದ ಎತ್ತುಗಳು ನಿಂತವು. ಮ್ಯಾನೇಜರರ ಮೈಕು ತಾನಾಗಿ ಕೆಳಗಿಳಿಯಿತು. ನಾನು ಪಕ್ಕದಲ್ಲೇ ಇದ್ದೆ, ಬ್ಯಾರಲ್ ನಡುಗುವುದು ಅಂಗಾಲಿಗೆ ತಿಳಿಯುತ್ತಿತ್ತು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಮತ್ತೆ ಬಂತು: "ಆ ಸರ್ವೇ ಮಾಮಾ! ಅಂವನ ಸರಪಳಿ ಗಂಟ ಬೀಳ್ಲಿ! ಅಂವ ಅಳದ ಹೊಲಾ ಅಳದಷ್ಟೂ ಕಡಿಮಿ ಬೀಳ್ಲಿ!"

ಆಮೇಲೆ ಮಹೇಶ ತಲೆ ಹೊರಗೆ ತೆಗೆದ. ಮುಖ ಮೊದಲಿನಂತೆಯೇ ಇತ್ತು, ಕೂದಲಿಗೆ ಮಾತ್ರ ಜೇಡರ ಬಲೆ ಹತ್ತಿತ್ತು. ಬ್ಯಾರಲ್ ವಾಲಿದ್ದನ್ನು ನೆಟ್ಟಗೆ ಮಾಡಿ ಮುಚ್ಚಳ ಹಾಕಿದ. ಬಂಡುವಿನ ಗಾಡಿಯಿಂದ ಪೊರಕೆ ತಂದು ಚೆಲ್ಲಿದ ಭಡಂಗವನ್ನು ಬಳಿದ. ಮ್ಯಾನೇಜರರಿಗೆ, "ಚಾಲೂ ಮಾಡ್ರಿ ಸರ, ಮಂದಿ ನಿಂತಾರ" ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಒಳಗ ನಿಮ್ಮ ಹೆಸರೂ ಬಂತೇನ್ರಿ ಮಾಮಾ?"

"ಬಂತು."

"ತಪ್ಪ ತಿಳ್ಕೋಬ್ಯಾಡ್ರಿ. ಅಲ್ಲಿ ಯಾರ ಬರ್ತಾರ ಅನ್ನೂದ ನನ್ನ ಕೈಯಾಗಿಲ್ರಿ. ಇದು ನಮ್ಮ ಮನಿ ರೂಢಿ. ದ್ರಾಕ್ಷಿ ಗೊನಿ ತಿದ್ದೂ ದಿನದಾಗ ಆಳ ಮಂದಿಗೆ ಒಂದ ಮಾತ ಬೈದ್ರ ಮರುದಿನ ಪಕ್ಕದ ತೋಟಕ್ಕ ಹೊಕ್ಕಾರ. ಅದಕ ಅಜ್ಜಾ ಖಾಲಿ ಬ್ಯಾರಲ್ ಒಂದ ಇಟ್ಟಾನ. ತಲಿ ಹಾಕೂದು, ಬೈಯೂದು, ಮುಚ್ಚೂದು. ಮನಿ ಮಂದಿ ಎಲ್ಲಾರೂ ಹಂಗರಿ. ನಮ್ಮವ್ವನೂ."

ಹೇಳಿಸಿಕೊಂಡು ಬಂದವನು ಹೀಗೆ ಬೈಯಲಾರ. ನಾಳಿನ ಬೀಗನ ಸರಪಳಿಗೆ, ಅವನ ಎದುರಿನಲ್ಲೇ, ಗಂಟು ಬೀಳಲಿ ಎಂದು ಯಾವ ಅಜ್ಜನೂ ಹೇಳಿಕೊಟ್ಟಿರುವುದಿಲ್ಲ. ಅದು ಅಸಲು ಸಿಟ್ಟು. ನಾನು ಪಕ್ಕದಲ್ಲಿ ನಿಂತು ಕಂಡ, ಅಂಗಾಲಿನಿಂದಲೂ ಕೇಳಿದ ಸಿಟ್ಟು. ಉಳಿದ ಅರ್ಧ ಸಿನಿಮಾಕ್ಕೆ ಮಂದಿ ಒಳಗೆ ಹೋದರು. ನಾವಿಬ್ಬರೂ ಹೋಗಲಿಲ್ಲ. ಅವನಿಗೆ ಕಡೆ ಗೊತ್ತಾಗಿತ್ತು, ನನಗೆ ಬಸ್ಸು ಹಿಡಿಯಬೇಕಿತ್ತು.

ಅಲ್ಲಿಂದ ನೇರ ಕಬ್ಬೂರಿಗೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ದಾಜಿ ಉಣ್ಣುತ್ತಿದ್ದರು, ವೈಶಾಲಿ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಎಲ್ಲಿ ನಿಂತಿದ್ದೆ ಎಂಬುದರಿಂದ ಶುರು ಮಾಡಿ, ಏನೂ ಕೂಡಿಸದೆ, ಏನೂ ಕಳೆಯದೆ ಹೇಳಿದೆ. ದಾಜಿಯ ತುತ್ತು ಅರ್ಧಕ್ಕೆ ನಿಂತಿತು.

"ಬ್ಯಾರಲ್‌ನಾಗ ತಲಿ ಹಾಕ್ತಾನ? ಗಂಡಸೇನಲೇ ಅಂವ? ಇಂಥಾ ಹುಚ್ಚಗ ನಾ ಮಗಳ ಕೊಡೂದಿಲ್ಲ!" ಎಂದು ತಾಟು ಎತ್ತಿದರು.

"ಅಪ್ಪಾ, ಒಗ್ಯಾಂವ ಇದ್ರ ಒಗಿ" ಎಂದಳು ವೈಶಾಲಿ. ಧ್ವನಿ ಏರಿರಲಿಲ್ಲ. "ಆದ್ರ ಅದಕ ಮೊದಲ ಮಾಮಾನ ಒಂದ ಕೇಳು. ಅಂವನ ಸಿಟ್ಟ ಮುಗದ ಮ್ಯಾಲ ನೆಲಾ ಯಾರ ಬಳದ್ರು?"

"ಅಂವನ ಬಳದ" ಎಂದೆ ನಾನು.

ರೊಟ್ಟಿ ಬಡಿಯುವ ಸದ್ದು ನಿಂತಿತು. ಆ ಮನೆಯಲ್ಲಿ ಎಂಥ ಜಗಳದಲ್ಲೂ ಅದು ನಿಂತದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ತಿರುಗಿ ಕೂಡ ನೋಡಲಿಲ್ಲ, ಕೈ ಮಾತ್ರ ಹಿಟ್ಟಿನ ಮೇಲೆ ಹಾಗೇ ಇತ್ತು. ದಾಜಿ ಆ ಬೆನ್ನನ್ನು ನೋಡಿದರು. ತಾಟನ್ನು ಕೆಳಗಿಟ್ಟರು. ಸಪಾಟಿಲ್ಲದ ತಾಟು, ಸ್ವಲ್ಪ ಹೊತ್ತು ಗಡಗಡ ಆಡಿ ನಿಂತಿತು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

"ಮಾಮಾ, ಬ್ಯಾರಲ್ ಎಷ್ಟ ದೊಡ್ಡದಿತ್ತು?" ಎಂದು ವೈಶಾಲಿ ಕೇಳಿದಳು. ನಾನು ಕೈಯಳತೆ ತೋರಿಸಿದೆ. "ಸಣ್ಣದಾತು" ಎಂದಳು. "ನಂದೊಂದ ಬ್ಯಾರೇ ಇಡಾಕ ಹೇಳಬೇಕು. ನನ್ನ ಸಿಟ್ಟಿನ ಚೌಕಶಿ ಆ ಮಂದಿ ಮಾಡೇ ಇಲ್ಲ ನೋಡು."

ರವಿವಾರ ಸಕ್ಕರೆ ಹಂಚಿದರು. ಈಗ ದಾಜಿ ಹೋದಲ್ಲೆಲ್ಲ, ಬ್ಯಾರಲ್‌ನ ಕತೆ ನಮ್ಮ ಅಶೋಕ (ಅಂದರೆ ನಾನು) ಕಟ್ಟಿದ್ದು, ನನ್ನ ಅಳಿಯ ಹಾಗೆ ಮಾಡುವವನಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಗೂಢಚಾರ ಸತ್ತ ಎಂದಾಗ ನನ್ನನ್ನು ನಂಬಿದ ಮಂದಿಯೂ ಇದನ್ನು ಕೇಳಿ, "ಹೌದನ್ರಿ ಸಾಹೇಬ್ರ?" ಎಂದು ಮುಖ ನೋಡುತ್ತಾರೆ. ಆದ್ದರಿಂದ ಅಂದು ನನ್ನೊಡನೆ ಅದನ್ನು ಕಂಡು, ಇಂದಿಗೂ ಬದುಕಿರುವವರು ಯಾರೆಂದು ಹೇಳಿಬಿಡುತ್ತೇನೆ. ಭಡಂಗದ ಬಂಡು ಇದ್ದಾನೆ, ಅದೇ ಗಾಡಿ. ಸತ್ತಿಯ ಬಾಳು ಇದ್ದಾನೆ. ತೊಡೆ ಈಗ ನೋಯುವುದಿಲ್ಲವಂತೆ. ಮ್ಯಾನೇಜರರಿದ್ದಾರೆ, ಮಧ್ಯಂತರದಲ್ಲಿ ಹೊರಗೆ ಬರುವುದಿಲ್ಲ. ಟೊಪ್ಪಿಗೆ ತೆಗೆದ ಕಾಗವಾಡದ ಹಿರಿಯರು ಗಟ್ಟಿಮುಟ್ಟಾಗಿದ್ದಾರೆ. ಮಹೇಶನನ್ನು ಸಾಕ್ಷಿ ಎನ್ನುವಂತಿಲ್ಲ. ಅವನ ತಲೆ ಬ್ಯಾರಲ್‌ನೊಳಗಿತ್ತು, ಅವನು ಏನನ್ನೂ ನೋಡಿಲ್ಲ. ಇನ್ನು ಗೂಢಚಾರ. ಅವನು ಮೀನಿನ ಬಲೆಯಲ್ಲಿ ಎದ್ದು ಬಂದು ನಕ್ಕನೆಂದು ಎಲ್ಲರೂ ಹೇಳುತ್ತಾರೆ. ನಾನು ಒಳಗೆ ಹೋಗಲಿಲ್ಲ, ಕಣ್ಣಾರೆ ಕಂಡಿಲ್ಲ. ಅವನ ಬಗ್ಗೆ ಮಾತ್ರ ನಾನು ಏನನ್ನೂ ಹೇಳಲಾರೆ.